ಕೆಂಪು ಶಾಯಿಯ ಪುಸ್ತಕ

ಕೂಡ್ಲೂರಿನ ಕಾಫಿ ಕ್ಯೂರಿಂಗಿನಲ್ಲಿ
ಹತ್ತೊಂಬತ್ತು ವರ್ಷ ನಾನು ಹಾಜರಿ ಗುಮಾಸ್ತ.
ಎಂಟಕ್ಕೆ ಸೈರನ್, ಎಂಟೂ ಐದಕ್ಕೆ ಗೇಟು,
ಎಂಟೂ ಆರಕ್ಕೆ ನನ್ನ ಕೆಂಪು ಪೆನ್ನು.

ಗೋಡೆಯಲ್ಲೊಂದು ಸಲಹಾ ಪೆಟ್ಟಿಗೆ ಇತ್ತು.
ಬೀಗವೂ ಇತ್ತು. ಕೀಲಿ ಮಾತ್ರ
ಹಿಂದಿನ ಮ್ಯಾನೇಜರ ಜೇಬಿನಲ್ಲೇ ಹಾಸನಕ್ಕೆ ವರ್ಗವಾಗಿತ್ತು.
ಸೀಳಿನೊಳಗೆ ಕಣಜವೊಂದು ಗೂಡು ಕಟ್ಟಿತ್ತು;
ಒಳಗೆ ಹೋದ ಸಲಹೆ ಅದೊಂದೇ.

ದಪ್ಪವಾಗುತ್ತ ಹೋದದ್ದು ದಂಡದ ಪುಸ್ತಕ:
ಜರಡಿ ಮೋಟರಿನಡಿ ಗೋಣಿ ತುಂಡು ಸಿಕ್ಕಿಸಿದ್ದು, ಹಂಸ, ಇಪ್ಪತ್ತು ರೂಪಾಯಿ.
ಅಪ್ಪಣೆಯಿಲ್ಲದೆ ದೀಪ ಕೆಳಗಿಳಿಸಿದ್ದು, ಪಾರುಕುಟ್ಟಿ, ಹತ್ತು.
ಬೆಲ್ಟು ನಿಲ್ಲಿಸಿದ್ದು, ಹನ್ನೊಂದು ನಿಮಿಷ, ಚೋಮಿ,
ಅರ್ಧ ದಿನದ ಕೂಲಿ.

ಆ ದಿನ ನೆನಪಿದೆ.
ಬೆಲ್ಟಿನ ಅಂಚಿಗೆ ಸೈಕಲ್ ಟ್ಯೂಬು ಕಟ್ಟುತ್ತಿದ್ದಳು,
ಬಾಯಲ್ಲಿ ದಾರ ಕಚ್ಚಿಕೊಂಡು.
ಕರಿ ಬೀಜ ಆರಿಸುವ ಕೆಲಸ ಬಿಟ್ಟು
ಇದೇನು ನಿನ್ನ ಹೊಲಿಗೆ ಅಂದೆ.
ದಾರ ಕಚ್ಚಿದ ಬಾಯಿಗೆ ಉತ್ತರ ಹೇಗೆ ಬರಬೇಕು?
ನಾನು ಕಾಯಲೂ ಇಲ್ಲ.

ಆಮೇಲೆ ದೇಚಮ್ಮ ಬಂದಳು, ಎಚ್‌ಆರ್ ಅಂತ.
ನನ್ನ ಮಗಳಿಗಿಂತ ಎರಡು ವರ್ಷ ಚಿಕ್ಕವಳು.
ದಂಡದ ಪುಸ್ತಕ ಕೇಳಿದಳು.
ಒಂದು ಮಧ್ಯಾಹ್ನವಿಡೀ ಓದಿದಳು,
ಯಾರದೋ ಮನೆಯ ಕಾಗದ ಓದುವಂತೆ.
ಕೂಡುವುದರಲ್ಲಿ ತಪ್ಪಿಲ್ಲ ಮೇಡಂ, ಅಂದೆ.
ಗೊತ್ತು, ಅಂದಳು. ಕಳೆಯುವುದರಲ್ಲಿದೆ.

ಮರುದಿನ ಪುಸ್ತಕ ಕಂಕುಳಲ್ಲಿಟ್ಟು
ಧೂಳಿನ ಹಾಲಿಗೆ ಇಳಿದಳು, ಸ್ಟೂಲು ಎಳೆದು ಕೂತಳು.
ಪುಟ ತಿರುವಿ ಒಬ್ಬೊಬ್ಬರನ್ನೂ ಕೇಳಿದಳು:
ಆ ದಿನ ಏನು ಮಾಡಲು ಹೊರಟಿದ್ದಿರಿ?

ಮೂರು ದಿನ ಯಾರೂ ಬಾಯಿ ಬಿಡಲಿಲ್ಲ.
ಕೆಂಪು ಅಕ್ಷರಕ್ಕೆ ಬಡ್ಡಿ ಬಂತೆಂದೇ ಎಣಿಸಿದರು.
ನಾಲ್ಕನೆಯ ದಿನ ಬೋಜ ಎದ್ದು ನಿಂತು
ನಂದು ಏನೂ ಇಲ್ಲಮ್ಮ, ನಿದ್ದೆ ಬಂದಿತ್ತು, ಅಂದ.
ಹಾಲಿಗೆ ಹಾಲೇ ನಕ್ಕಿತು.
ಆ ನಗುವಿನ ಸಂದಿಯಲ್ಲಿ ಪಾರುಕುಟ್ಟಿ ಮೆಲ್ಲಗೆ:
ದೀಪ ಮೇಲಿದ್ದರೆ ನಮ್ಮ ನೆರಳೇ ಬೀಜದ ಮೇಲೆ.
ಕರಿದೂ ಕಂದೂ ಒಂದೇ ಕಾಣುತ್ತದೆ.

ಕಿಲೋ ಲೆಕ್ಕದ ಕೂಲಿ ನಿಂತಿತು.
ಶನಿವಾರದ ಕೊನೆಯ ತಾಸು
ಬೆಲ್ಟು ನಿಂತರೂ ಸಂಬಳ ಓಡುತ್ತಿತ್ತು.
ಫಿಟ್ಟರು ಹಂಸ ಪಾನಾ ಕೆಳಗಿಟ್ಟು
ಹೆಂಗಸರ ಪಕ್ಕ ನೆಲದ ಮೇಲೆ ಕೂತ.
ಸಾಹೇಬರು ಗೊಣಗಿದರು: ಕೊಯಮತ್ತೂರಿನ ಯಂತ್ರ ಅದು,
ಮಾಡಿದವರಿಗಿಂತ ಇವರಿಗೆ ಹೆಚ್ಚು ಗೊತ್ತೇ?
ಮಾಡಿದವರು ಅದರ ಮುಂದೆ ದಿನಕ್ಕೆಂಟು ಗಂಟೆ
ಕೂತಿಲ್ಲವಲ್ಲ ಸರ್, ಅಂದಳು.

ಮೊದಲ ಪ್ರಯೋಗ ಹಾಳಾಯಿತು.
ಮೂರು ಮೂಟೆ ಎ ಗ್ರೇಡು, ಬಿ ಗ್ರೇಡು
ನೆಂಟರ ಹಾಗೆ ಬೆರೆತುಹೋದವು.
ಅಭ್ಯಾಸಬಲದಿಂದ ಪೆನ್ನಿನ ಮುಚ್ಚಳ ತೆಗೆದೆ.
ಬರೆಯಿರಿ, ಅಂದಳು, ನನ್ನ ಹೆಸರು.
ಬರೆದೆ. ಕೈ ನಡುಗಿತು.

ಎರಡನೆಯದಕ್ಕೆ ಟ್ಯೂಬು ಸರಿಯಾಗಿ ಕೂತಿತು.
ಉರುಳಿ ನೆಲಕ್ಕೆ ಬಿದ್ದು
ಕಸದ ಜೊತೆ ಗುಡಿಸಿಹೋಗುತ್ತಿದ್ದ ಗುಂಡು ಬೀಜ
ಅಂಚಿಗೆ ಬಂದು, ಯೋಚಿಸಿ, ಒಳಗೇ ಉಳಿಯಿತು.

ಈಗದು ಅಚ್ಚಿನಲ್ಲಿ ಎರಕವಾದ ರಬ್ಬರು ಪಟ್ಟಿ.
ಸ್ಟೋರಿನ ಚೀಟಿಯಲ್ಲಿ ಹೀಗೆ ಬರುತ್ತದೆ:
ಚೋಮಿಕಟ್ಟೆ ಸವೆದಿದೆ, ಎರಡು ಬೇಕು.
ನೀಲಿ ಶಾಯಿಯಲ್ಲಿ.

ಅರ್ಧ ದಿನದ ಕೂಲಿ ಹಿಂತಿರುಗಿಸಲು ಹೋದೆ.
ಪುಸ್ತಕದಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ,
ಅಡಿಕೋಲಿಟ್ಟು ನಾನೇ ಗೆರೆ ಎಳೆದೆ.
ನೋಟು ಎಣಿಸದೆ ಸೆರಗಿಗೆ ಕಟ್ಟಿಕೊಂಡು ಚೋಮಿ ಕೇಳಿದಳು:
ಹನ್ನೊಂದು ನಿಮಿಷಕ್ಕೆ ಅರ್ಧ ದಿನವಾದರೆ ಸ್ವಾಮಿ,
ಆ ಟ್ಯೂಬು ನೀವು ಕಿತ್ತು ಬಿಸಾಡಿದ ಮೇಲೆ
ನಾಲ್ಕು ವರ್ಷ ಬೀಜ ಉರುಳಿತಲ್ಲ,
ಅದಕ್ಕೆ ಎಷ್ಟು ಹಿಡಿದಿರಿ, ಯಾರಿಗೆ?

ಸೈರನ್ ಕೂಗಿತು.
ಅವಳು ಬೆಲ್ಟಿನ ಕಡೆ ಹೋದಳು.
ನಾನು ಅಡಿಕೋಲು ಹಿಡಿದು ಅಲ್ಲೇ ನಿಂತಿದ್ದೆ;
ಪೆಟ್ಟಿಗೆಯ ಸೀಳಿನಿಂದ ಕಣಜವೊಂದು ಹೊರಬಂದು
ನನ್ನನ್ನು ಒಂದು ಸುತ್ತು ಹಾಕಿ
ಕಿಟಕಿಯಾಚೆಗೆ ಹೋಯಿತು.